ತಲೆಗೆ ಬಿಸಿನೀರು ಬಿದ್ರೆ ಫಿಟ್ಸ್ ಯಾಕೆ ಬರುತ್ತೆ? ಮೆದುಳಿನ ಗೇಟುಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬೈಯಪ್ಪನಹಳ್ಳಿಯಿಂದ ಮಾತಾಡ್ತಿದ್ದೀನಿ. ಹಿಂದೆ ಆಗಾಗ ರೈಲಿನ ಸದ್ದು ಕೇಳಿಸುತ್ತೆ, ಅದನ್ನ ಎಡಿಟ್ ಮಾಡಿ ತೆಗೆಯೋಕೆ ನನಗಿನ್ನೂ ಬಂದಿಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ.

ಸ್ವಲ್ಪ ದಿನದ ಹಿಂದೆ ಅಕ್ಕ ಫೋನ್ ಮಾಡಿದ್ಲು. ಅಕ್ಕ ಅಂದ್ರೆ ನಮ್ಮ ದೊಡ್ಡಪ್ಪನ ಮಗಳು, ಮಳವಳ್ಳಿ ಕಡೆಯವಳು. ಫೋನ್ ಎತ್ತಿದ ತಕ್ಷಣ "ಮಗೂಗೂ ಬರ್ತಿದೆ ಕಣೋ" ಅಂದ್ಲು. ಏನು ಬರ್ತಿದೆ ಅಂತ ನಾನು ಕೇಳಲಿಲ್ಲ. ನಮ್ಮನೇಲಿ ಆ ಕಾಯಿಲೆಗೆ ಹೆಸರೇ ಇರಲಿಲ್ಲ. ಬರುತ್ತೆ, ಬಂತು, ನಿಂತಿದೆ. ಅಷ್ಟೇ ಮಾತು.

ಅವಳು ಪಿಯುಸಿ ಓದೋಕೆ ನಮ್ಮನೇಲಿದ್ಲು. ನಾನಾಗ ಆರನೇ ಕ್ಲಾಸು. ಅಪ್ಪ ಎನ್‌ಜಿಇಎಫ್‌ನಲ್ಲಿ ಇದ್ದವರು, 2002ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೆ ಸ್ವಂತ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ರು. ಬಚ್ಚಲಲ್ಲಿ ತಾಮ್ರದ ಬಾಯ್ಲರ್ ಇತ್ತು. ಅಕ್ಕನಿಗೆ ತಲೆಗೆ ಸ್ನಾನ ಅಂದ್ರೆ ಎಲ್ಲಿಲ್ಲದ ಪ್ರೀತಿ. ಒಳಗೆ ಹೋದ್ರೆ ಹೊರಗೆ ಬರ್ತಾನೇ ಇರ್ಲಿಲ್ಲ. "ನೀರು ಮುಗಿಯೋವರೆಗೂ ಹುಯ್ಕೊಳ್ತಾಳೆ, ಸಾಕು ಬಾರೇ" ಅಂತ ಅಮ್ಮ ಹೊರಗಿಂದ ಕೂಗ್ತಿದ್ರು. ಒಂದು ಶುಕ್ರವಾರ ಅಮ್ಮ ಕೂಗಿದ್ರು, ಉತ್ತರ ಬರಲಿಲ್ಲ. ಚೊಂಬು ಬಿದ್ದ ಸದ್ದು ಬಂತು. ಬಾಗಿಲು ಒಡೆದು ನೋಡಿದ್ರೆ ಅವಳು ಗೋಡೆಗೆ ಒರಗಿ ಕೂತಿದ್ಲು, ಕಣ್ಣು ತೆರೆದಿತ್ತು, ಆದ್ರೆ ನಮ್ಮನ್ನ ನೋಡ್ತಾ ಇರ್ಲಿಲ್ಲ. ಬಲಗೈ ಮಾತ್ರ ಇನ್ನೂ ನೀರು ಹುಯ್ಕೊಳ್ಳೋ ಹಾಗೆ ಮೇಲೆ ಕೆಳಗೆ ಆಡ್ತಾ ಇತ್ತು.

ಆಮೇಲೆ ನಡೆದಿದ್ದು ನಿಮ್ಮಲ್ಲಿ ಎಷ್ಟೋ ಜನರ ಮನೇಲಿ ನಡೆದಿರುತ್ತೆ. ಅಜ್ಜಿ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ರು. ಊರಿಗೆ ಕರ್ಕೊಂಡು ಹೋಗಿ ತಾಯತ ಕಟ್ಟಿಸಿದ್ರು. ಹೊತ್ತಲ್ಲದ ಹೊತ್ತಲ್ಲಿ ತಲೆಗೆ ನೀರು ಹಾಕ್ಕೊಂಡಿದ್ದಕ್ಕೆ ಗಾಳಿ ಸೋಕಿದೆ ಅಂದ್ರು. ಇಲ್ಲಿ ಒಂದು ಕ್ಲಿನಿಕ್‌ನಲ್ಲಿ ಇಇಜಿ ಮಾಡಿ "ನಾರ್ಮಲ್ ಇದೆ, ಎಕ್ಸಾಮ್ ಟೆನ್ಷನ್" ಅಂತ ಕಳಿಸಿದ್ರು. ಸುಮಾರು ಒಂದೂವರೆ ವರ್ಷ ಆದ್ಮೇಲೆ ಒಬ್ಬ ನರರೋಗ ತಜ್ಞರು ಅವಳಿಗೆ ಕೇಳಿದ ಮೊದಲ ಪ್ರಶ್ನೆ: "ನೀನು ಸ್ನಾನಕ್ಕೆ ನೀರು ಎಷ್ಟು ಬಿಸಿ ಮಾಡ್ಕೊಳ್ತೀಯಮ್ಮ?"

ಆ ಪ್ರಶ್ನೆಯಲ್ಲೇ ರೋಗದ ಹೆಸರಿತ್ತು. ಹಾಟ್ ವಾಟರ್ ಎಪಿಲೆಪ್ಸಿ. ಬಿಸಿನೀರಿನ ಅಪಸ್ಮಾರ.

ಇದು ಏನೋ ಲಕ್ಷಕ್ಕೊಬ್ಬರಿಗೆ ಬರೋ ವಿಚಿತ್ರ ಅಂತ ನಾನು ಅಂದುಕೊಂಡಿದ್ದೆ. ಹುಡುಕ್ತಾ ಹೋದ್ರೆ, ಇದು ನಮ್ಮದೇ ಕಾಯಿಲೆ ಅನ್ನೋ ಅಷ್ಟು ನಮ್ಮ ಕಡೆಯದು! ಜಗತ್ತಿನ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡ್‌ನಿಂದ ಬಂತು, ಒಬ್ಬ ಹುಡುಗನ ಬಗ್ಗೆ. ಆದ್ರೆ ಸಾಲು ಸಾಲಾಗಿ ರೋಗಿಗಳು ಸಿಕ್ಕಿದ್ದು ಹಳೇ ಮೈಸೂರು ಸೀಮೆಯಲ್ಲಿ. ಬೆಂಗಳೂರಿನ ನರತಜ್ಞ ಡಾ. ಕೆ.ಎಸ್. ಮಣಿ ಮತ್ತು ಜೊತೆಗಾರರು 1968ರಲ್ಲಿ ಇದರ ಬಗ್ಗೆ ಬರೆದ್ರು, 1970ರ ದಶಕದ ಮಧ್ಯಕ್ಕೆ ಅವರ ಪಟ್ಟಿಯಲ್ಲಿ 108 ರೋಗಿಗಳಿದ್ರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ತಂಡ 279 ಜನರ ವಿವರ ಪ್ರಕಟಿಸಿತು. ಆಮೇಲೆ ಟರ್ಕಿ, ಜಪಾನ್‌ನಿಂದಲೂ ವರದಿಗಳು ಬಂದವು. ಆದ್ರೂ ಇವತ್ತಿಗೂ ಜಗತ್ತಿನ ಯಾವುದೇ ಮೂಲೆಯಲ್ಲಿ ಈ ಕಾಯಿಲೆ ಬಗ್ಗೆ ಓದೋಕೆ ಕೂತ್ರೆ ಬೆಂಗಳೂರಿನ ಹೆಸರು ಬಂದೇ ಬರುತ್ತೆ.

ಆ ವರದಿಗಳಲ್ಲಿ ಅಕ್ಕನನ್ನೇ ನೋಡಿ ಬರೆದ ಹಾಗಿದೆ. 40ರಿಂದ 50 ಡಿಗ್ರಿ ಬಿಸಿಯ ನೀರು. ಷವರ್ ಅಲ್ಲ, ಚೊಂಬಿನಲ್ಲಿ ಮೊಗೆದು ಒಂದರ ಹಿಂದೆ ಒಂದು ನೇರ ನೆತ್ತಿಗೆ ಹುಯ್ಯೋದು. ಮೈಗೆ ಮಾತ್ರ ಹಾಕ್ಕೊಂಡ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ಮಕ್ಕಳಲ್ಲಿ ಜಾಸ್ತಿ, ಹುಡುಗಿಯರಿಗಿಂತ ಹುಡುಗರಲ್ಲಿ ಜಾಸ್ತಿ. ಮೂರರಲ್ಲಿ ಎರಡು ಪಾಲು ಜನ ಸಿನಿಮಾದಲ್ಲಿ ತೋರಿಸೋ ಹಾಗೆ ಬಿದ್ದು ಒದ್ದಾಡಲ್ಲ. ಸುಮ್ಮನೆ ಶೂನ್ಯ ನೋಡ್ತಾರೆ, ಅರ್ಥ ಇಲ್ಲದ ಮಾತಾಡ್ತಾರೆ, ಕೈ ಏನೋ ಮಾಡ್ತಾ ಇರುತ್ತೆ. ಕೆಲವರಿಗೆ ಆ ಹೊತ್ತಲ್ಲಿ ಒಂಥರಾ ಹಿತ ಆಗುತ್ತೆ, ನಿಲ್ಲಿಸೋಕೆ ಆಗದೆ ಮತ್ತೆ ಮತ್ತೆ ಹುಯ್ಕೊಳ್ತಾ ಹೋಗ್ತಾರೆ. ಇದನ್ನ ಓದಿದಾಗ ನನಗೆ ಅಮ್ಮನ "ಸಾಕು ಬಾರೇ" ನೆನಪಾಗಿ ಹೊಟ್ಟೆ ಚುರ್ ಅಂತು. ನಾವು ಹಟ ಅಂದುಕೊಂಡಿದ್ದು ಬಹುಶಃ ಕಾಯಿಲೆಯ ಮೊದಲ ನಿಮಿಷ.

ಸರಿ. ಈಗ ಅಸಲಿ ಪ್ರಶ್ನೆ. ನೀರು ತಾನೇ? ಬೆಳಿಗ್ಗೆ ಎದ್ದು ಎಲ್ಲರೂ ಹುಯ್ಕೊಳ್ಳೋ ಬಿಸಿನೀರು ಒಬ್ಬರ ಮೆದುಳನ್ನ ಹೀಗೆ ಹೇಗೆ ಅಲ್ಲಾಡಿಸುತ್ತೆ?

ನಾನು ಬಿ.ಕಾಂ. ವಿಜ್ಞಾನ ಎಸ್ಸೆಸ್ಸೆಲ್ಸಿಗೆ ಮುಗೀತು. ಡಾಕ್ಟರ್ ಅಲ್ಲ, ಅದನ್ನ ನೆನಪಿಟ್ಟುಕೊಂಡೇ ಕೇಳಿ. ಅಪ್ಪನ ವಿವರಣೆ ಸಿಂಪಲ್ ಆಗಿತ್ತು: "ಲೋಡ್ ಜಾಸ್ತಿ ಆದ್ರೆ ಮೇನ್ಸ್ ಟ್ರಿಪ್ ಆಗಲ್ವಾ, ಹಂಗೆ." ಜೀವನವಿಡೀ ಮೋಟಾರು, ಟ್ರಾನ್ಸ್‌ಫಾರ್ಮರ್ ಮಧ್ಯೆ ಇದ್ದ ಮನುಷ್ಯ, ಕರೆಂಟ್ ಅನ್ನೋದನ್ನ ಸರಿಯಾಗಿ ಹಿಡಿದಿದ್ರು. ಆದ್ರೆ ಉಲ್ಟಾ ಹೇಳಿದ್ರು. ಟ್ರಿಪ್ ಆಗಿದ್ರೆ ಒಳ್ಳೇದಿತ್ತು. ಟ್ರಿಪ್ ಆಗಬೇಕಾದ ಕಡೆ ಆಗದೇ ಹೋಗೋದೇ ಫಿಟ್ಸ್.

ನರಕೋಶದ ಕರೆಂಟು ವೈರಿನಲ್ಲಿ ಹರಿಯೋ ಥರದ್ದಲ್ಲ. ಅದು ಉಪ್ಪಿನ ಕರೆಂಟು. ಅಡುಗೆ ಉಪ್ಪು ಅಂದ್ರೆ ಸೋಡಿಯಂ ಮತ್ತು ಕ್ಲೋರೈಡ್. ಎಳನೀರಲ್ಲಿ ಪೊಟ್ಯಾಸಿಯಂ ಇರುತ್ತೆ. ಇವು ನೀರಲ್ಲಿ ಕರಗಿದಾಗ ಒಂದೊಂದು ಕಣಕ್ಕೂ ಪ್ಲಸ್ ಅಥವಾ ಮೈನಸ್ ಚಾರ್ಜ್ ಇರುತ್ತೆ, ಅದಕ್ಕೇ ಅಯಾನು ಅಂತ ಹತ್ತನೇ ಕ್ಲಾಸಲ್ಲಿ ಓದಿರ್ತೀರಿ. ನರಕೋಶ ಸದಾ ಸೋಡಿಯಂ ಅನ್ನು ಹೊರಗೆ ದಬ್ಬಿ, ಪೊಟ್ಯಾಸಿಯಂ ಅನ್ನು ಒಳಗೆ ಸೇರಿಸಿ ಇಟ್ಟುಕೊಂಡಿರುತ್ತೆ. ಈ ದಬ್ಬೋ ಕೆಲಸ ಎಷ್ಟು ದುಬಾರಿ ಅಂದ್ರೆ, ಮೈತೂಕದ ನೂರಕ್ಕೆ 2ರಷ್ಟಿರೋ ಮೆದುಳು ಶಕ್ತಿಯಲ್ಲಿ ನೂರಕ್ಕೆ 20ರಷ್ಟು ತಿನ್ನುತ್ತೆ, ಅದರಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತೆ. ಫಲ, ಕೋಶದ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ. ಗಡಿಯಾರದ ಸೆಲ್ಲಿಗಿಂತಲೂ ಎಷ್ಟೋ ಕಮ್ಮಿ ಅನ್ನಿಸಬಹುದು. ಆದ್ರೆ ಕೋಶದ ಪೊರೆಯ ದಪ್ಪ ಬರೀ 5 ನ್ಯಾನೋಮೀಟರ್ ಆಸುಪಾಸು. ಅಷ್ಟು ತೆಳುವಾದ ಜಾಗದಲ್ಲಿ ಅಷ್ಟು ವೋಲ್ಟೇಜು ಅಂದ್ರೆ ಮೀಟರಿಗೆ ಒಂದು ಕೋಟಿ ವೋಲ್ಟಿಗಿಂತ ಜಾಸ್ತಿ. ಗಾಳಿಯಲ್ಲಿ ಕಿಡಿ ಹಾರೋಕೆ ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ಈ ಲೆಕ್ಕ ಹೇಳಿದಾಗ ಅಪ್ಪ ಪೇಪರ್ ಕೆಳಗಿಟ್ಟು ಇನ್ನೊಂದ್ಸಲ ಹೇಳಿಸಿದ್ರು.

ಇಷ್ಟು ಒತ್ತಡದ ಆ ಪೊರೆಯಲ್ಲಿ ಇರೋ ಬಾಗಿಲುಗಳೇ ಅಯಾನ್ ಚಾನೆಲ್‌ಗಳು. ಪ್ರೋಟೀನಿನಿಂದ ಆದ ಸಣ್ಣ ಸಣ್ಣ ಗೇಟುಗಳು. ಸೋಡಿಯಂಗೆ ಬೇರೆ, ಪೊಟ್ಯಾಸಿಯಂಗೆ ಬೇರೆ, ಕ್ಯಾಲ್ಸಿಯಂಗೆ ಬೇರೆ, ಕ್ಲೋರೈಡ್‌ಗೆ ಬೇರೆ. ಒಂದು ಸೋಡಿಯಂ ಗೇಟು ತೆರೆದಿರೋದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು, ಆದ್ರೆ ಸೆಕೆಂಡಿಗೆ ಕೋಟಿಯ ಲೆಕ್ಕದಲ್ಲಿ ಅಯಾನುಗಳು ನುಗ್ಗೋ ವೇಗ ಅದಕ್ಕಿದೆ.

ನಮ್ಮ ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ ನೆನಪಿಸಿಕೊಳ್ಳಿ. 2011ರ ಅಕ್ಟೋಬರ್ 20ಕ್ಕೆ ಊರಿನ ಮೊದಲ ಮೆಟ್ರೋ ಇಲ್ಲಿಂದ ಎಂ.ಜಿ. ರಸ್ತೆಗೆ ಓಡಿದ್ದು, ಆ ಹೆಮ್ಮೆ ನಮಗಿನ್ನೂ ಇದೆ. ಕಾರ್ಡ್ ಇಟ್ರೆ ಗೇಟು ತೆರೆಯುತ್ತೆ, ನೀವು ದಾಟಿದ ಕೂಡಲೇ ತಾನೇ ಮುಚ್ಚುತ್ತೆ, ಅದೇ ಕಾರ್ಡ್ ಮತ್ತೆ ಅಲ್ಲೇ ಇಟ್ರೆ ಕೆಂಪು ತೋರಿಸುತ್ತೆ. ಸೋಡಿಯಂ ಚಾನೆಲ್‌ಗೂ ಇದೇ ಮೂರು ಸ್ಥಿತಿ: ಮುಚ್ಚಿದೆ, ತೆರೆದಿದೆ, ಸ್ವಲ್ಪ ಹೊತ್ತು ಯಾರನ್ನೂ ಬಿಡಲ್ಲ. ಅಲ್ಲಿ ಕಾರ್ಡ್ ಬದಲು ವೋಲ್ಟೇಜು. ಒಂದು ವ್ಯತ್ಯಾಸ ಇದೆ, ಅದೇ ಮುಖ್ಯ. ಸ್ಟೇಷನ್‌ನಲ್ಲಿ ನೀವು ಒಳಗೆ ಹೋದ್ರೆ ಪಕ್ಕದ ಗೇಟು ತೆರೆಯಲ್ಲ. ನರಕೋಶದಲ್ಲಿ ಒಂದು ಗೇಟಿನಿಂದ ನುಗ್ಗಿದ ಸೋಡಿಯಂ ವೋಲ್ಟೇಜನ್ನ ಏರಿಸಿ ಪಕ್ಕದ ಗೇಟನ್ನ ತೆರೆಸುತ್ತೆ, ಅದು ಅದರ ಪಕ್ಕದ್ದನ್ನ. ಹೀಗೆ ಸರಸರ ಅಂತ ಓಡೋ ಅಲೆಯೇ ನರದ ಸಂದೇಶ. ಹಿಂದೆಯೇ ಪೊಟ್ಯಾಸಿಯಂ ಗೇಟುಗಳು ತೆರೆದು ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತವೆ. ಇದನ್ನ 1952ರಲ್ಲಿ ಲೆಕ್ಕ ಸಮೇತ ತೋರಿಸಿದ್ದು ಹಾಜ್ಕಿನ್ ಮತ್ತು ಹಕ್ಸ್‌ಲಿ, ಒಂದು ಸಮುದ್ರಜೀವಿಯ, ಅಂದ್ರೆ ಸ್ಕ್ವಿಡ್‌ನ ದಪ್ಪ ನರದಲ್ಲಿ. ನೊಬೆಲ್ ಬಂತು ಬಿಡಿ.

ಈಗ ಯೋಚನೆ ಮಾಡಿ. ಗೇಟು ಬೇಗ ಮುಚ್ಚದಿದ್ರೆ? ಪೊಟ್ಯಾಸಿಯಂ ಗೇಟು ಸೋಮಾರಿ ಆದ್ರೆ? ಅಲೆ ನಿಲ್ಲಲ್ಲ. ಒಂದು ಕೋಶದ ಗಲಾಟೆ ಪಕ್ಕದವರಿಗೆ ಅಂಟುತ್ತೆ, ಸಾವಿರಾರು ಕೋಶಗಳು ಒಟ್ಟಿಗೆ ಒಂದೇ ತಾಳಕ್ಕೆ ಕುಣಿಯೋಕೆ ಶುರು ಮಾಡುತ್ತವೆ. ಅದೇ ಫಿಟ್ಸ್. ಚಾನೆಲ್ ಕೆಟ್ಟು ಬರೋ ಕಾಯಿಲೆಗಳಿಗೆ ಚಾನೆಲೋಪತಿ ಅಂತಾರೆ. ಹುಟ್ಟಿದ ಕೆಲವೇ ದಿನಕ್ಕೆ ಮಗುವಿಗೆ ಬಂದು ತಾನೇ ನಿಲ್ಲೋ ಒಂದು ಬಗೆಯ ಫಿಟ್ಸ್ ಹಿಂದೆ ಪೊಟ್ಯಾಸಿಯಂ ಗೇಟಿನ ತೊಂದರೆ ಇದೆ ಅಂತ 1998ರಲ್ಲಿ ಗೊತ್ತಾಯ್ತು. ಹೊಟ್ಟೆ ತುಂಬ ಅನ್ನ ಉಂಡು ಮಲಗಿ ಬೆಳಿಗ್ಗೆ ಏಳೋಕೆ ಹೋದ್ರೆ ಕೈಕಾಲೇ ಅಲ್ಲಾಡದ, ಆಮೇಲೆ ತಾನೇ ಸರಿಹೋಗೋ ಪಾರ್ಶ್ವವಾಯುವಿನಂಥ ಒಂದು ಕಾಯಿಲೆ ಇದೆ, ಅದು ಸ್ನಾಯುವಿನ ಕ್ಯಾಲ್ಸಿಯಂ ಅಥವಾ ಸೋಡಿಯಂ ಗೇಟಿನದು. ಪಟ್ಟಿ ಉದ್ದ ಇದೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಒಂದೇ ಒಂದು.

ಡ್ರಾವೆ ಸಿಂಡ್ರೋಮ್. 1978ರಲ್ಲಿ ಶಾರ್ಲೊಟ್ ಡ್ರಾವೆ ಅನ್ನೋ ಫ್ರೆಂಚ್ ವೈದ್ಯೆ ಗುರುತಿಸಿದ್ದು. ಚೆನ್ನಾಗಿ ಆಡ್ಕೊಂಡಿರೋ ಮಗುವಿಗೆ ಒಂದು ವರ್ಷ ತುಂಬೋ ಮುಂಚೆ ಜ್ವರ ಬಂದು ಫಿಟ್ಸ್ ಬರುತ್ತೆ, ಬಹಳ ಹೊತ್ತು ನಿಲ್ಲಲ್ಲ. ಆಮೇಲೆ ಜ್ವರಕ್ಕೆ, ಬಿಸಿನೀರಿನ ಸ್ನಾನಕ್ಕೆ, ಕೆಲವೊಮ್ಮೆ ಏನೂ ಇಲ್ಲದೆ ಬರ್ತಾ ಹೋಗುತ್ತೆ. ಬಿಸಿನೀರು! ಅಕ್ಕನ ಕಾಯಿಲೆಗೂ ಇದಕ್ಕೂ ಬೇರೆ ಸಂಬಂಧ ಇಲ್ಲ, ಇದು ಅಪರೂಪದ್ದು, ತುಂಬಾ ತೀವ್ರವಾದದ್ದು. ಆದ್ರೆ ಬಿಸಿಗೂ ಗೇಟಿಗೂ ಇರೋ ನಂಟು ಇಲ್ಲಿ ಕಣ್ಣಿಗೆ ಹೊಡೆಯೋ ಹಾಗೆ ಕಾಣುತ್ತೆ.

2001ರಲ್ಲಿ ಇದರ ಮೂಲ ಸಿಕ್ಕಿತು. ಎಸ್‌ಸಿಎನ್1ಎ ಅನ್ನೋ ಜೀನು, ಸೋಡಿಯಂ ಗೇಟು ಕಟ್ಟೋ ನಕ್ಷೆ. ಹೆಚ್ಚಿನ ಮಕ್ಕಳಲ್ಲಿ ಅದರ ಒಂದು ಪ್ರತಿ ಕೆಟ್ಟಿರುತ್ತೆ, ಗೇಟುಗಳು ಅರ್ಧಕ್ಕರ್ಧ ಕಮ್ಮಿ. ಇಲ್ಲಿ ಒಂದು ನಿಮಿಷ ನಿಲ್ಲಿ. ಸೋಡಿಯಂ ಗೇಟು ಸಂದೇಶ ಹೊತ್ತಿಸೋ ಗೇಟು ಅಂತ ಈಗಷ್ಟೇ ಹೇಳಿದೆ. ಅದು ಕಮ್ಮಿ ಆದ್ರೆ ಮೆದುಳು ಸುಮ್ಮನಾಗಬೇಕು, ಫಿಟ್ಸ್ ಯಾಕೆ ಬರಬೇಕು?

ಯಾಕಂದ್ರೆ ಈ ನಿರ್ದಿಷ್ಟ ಗೇಟನ್ನ ಜಾಸ್ತಿ ನೆಚ್ಚಿಕೊಂಡಿರೋದು ಮೆದುಳಿನ ಕಾವಲುಗಾರರು, ಅಂದ್ರೆ ಬೇರೆ ನರಕೋಶಗಳನ್ನ ಸುಮ್ಮನಿರಿಸೋ ನರಕೋಶಗಳು. ಪ್ಲಾಟ್‌ಫಾರ್ಮ್ ಮೇಲೆ ಹಳದಿ ಗೆರೆ ದಾಟಿದವರಿಗೆಲ್ಲ ಸೀಟಿ ಊದೋ ಗಾರ್ಡ್ ಇರ್ತಾರಲ್ಲ, ಅಂಥವರು. ಗಾರ್ಡ್ ಬರೋ ಗೇಟೇ ಕೆಟ್ಟಿದೆ, ಅವರು ಡ್ಯೂಟಿಗೆ ಬರೋಕೆ ಆಗ್ತಿಲ್ಲ. ಜನ ಮಾತ್ರ ಬರ್ತಾನೇ ಇದ್ದಾರೆ. ಇಂಥ ಸ್ಟೇಷನ್‌ಗೆ ಜ್ವರದ ಬಿಸಿ ಬಂದ್ರೆ ಏನಾಗಬೇಡ? ಚಾನೆಲ್‌ಗಳು ಬಿಸಿಗೆ ಚುರುಕಾಗುತ್ತವೆ, ಹತ್ತು ಡಿಗ್ರಿ ಏರಿದ್ರೆ ತೆರೆದು ಮುಚ್ಚೋ ವೇಗ ಸುಮಾರು ಮೂರು ಪಟ್ಟು ಆಗುತ್ತೆ. ಜ್ವರದ ಎರಡು ಮೂರು ಡಿಗ್ರಿಯೂ ಲೆಕ್ಕಕ್ಕೆ ಬರುತ್ತೆ.

ಫಿಟ್ಸ್‌ಗೆ ಸಾಮಾನ್ಯವಾಗಿ ಕೊಡೋ ಫೆನಿಟಾಯಿನ್, ಕಾರ್ಬಮಜೆಪೀನ್, ಲ್ಯಾಮೊಟ್ರಿಜಿನ್ ಇವೆಲ್ಲ ಸೋಡಿಯಂ ಗೇಟು ತಡೆಯೋ ಮಾತ್ರೆಗಳು. ಇವುಗಳ ಜಾಣತನ ನನಗೆ ತುಂಬ ಇಷ್ಟ ಆಯ್ತು. ಒಮ್ಮೆ ತೆರೆದು ಮುಚ್ಚಿದ ಗೇಟಿಗೆ ಸುಮ್ಮನಿರುವವುಗಳಿಗಿಂತ ಹೆಚ್ಚು ಅಂಟಿಕೊಳ್ಳುತ್ತವೆ. ಅಂದ್ರೆ ಎಷ್ಟು ಗಲಾಟೆಯೋ ಅಷ್ಟು ಹಿಡಿತ. ಸಹಜವಾಗಿ ಕೆಲಸ ಮಾಡೋ ಕೋಶಕ್ಕೆ ತೊಂದರೆ ಕಮ್ಮಿ. ಲಕ್ಷಾಂತರ ಜನ ಇವತ್ತು ಆಫೀಸಿಗೆ, ಕಾಲೇಜಿಗೆ ಹೋಗ್ತಿರೋದು ಈ ಮಾತ್ರೆಗಳಿಂದ. ಆದ್ರೆ ಡ್ರಾವೆ ಇರೋ ಮಗುವಿಗೆ ಇದನ್ನೇ ಕೊಟ್ರೆ? ಕಾವಲುಗಾರರಿಗೆ ಉಳಿದಿರೋ ಅರ್ಧ ಗೇಟನ್ನೂ ಮುಚ್ಚಿದ ಹಾಗೆ. ಫಿಟ್ಸ್ ಜಾಸ್ತಿ ಆಗುತ್ತೆ. ಒಬ್ಬರ ಔಷಧಿ ಇನ್ನೊಬ್ಬರಿಗೆ ವಿಷ ಅನ್ನೋದನ್ನ ಗಾದೆಗೆ ಹೇಳ್ತಾರೆ ಅಂದುಕೊಂಡಿದ್ದೆ, ಇಲ್ಲಿ ಅಕ್ಷರಶಃ ಹಾಗೇ ಇದೆ. ಪಕ್ಕದ ಮನೆಯವರ ಫಿಟ್ಸ್ ಮಾತ್ರೆ ಹೆಸರನ್ನ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋರು ಇದನ್ನ ಇನ್ನೊಂದ್ಸಲ ಕೇಳಿ.

ಇನ್ನೊಂದು ವಿಷಯ. ಈ ಮಕ್ಕಳಿಗೆ ಮೊದಲ ಫಿಟ್ಸ್ ಎಷ್ಟೋ ಸಲ ಲಸಿಕೆ ಹಾಕಿಸಿದ ಮೇಲಿನ ಜ್ವರದಲ್ಲಿ ಬರುತ್ತೆ. ಹಾಗಾಗಿ ಲಸಿಕೆಯಿಂದಲೇ ಮೆದುಳು ಹಾಳಾಯ್ತು ಅಂತ ಅಪ್ಪ ಅಮ್ಮ ನಂಬೋದು ಸಹಜ. 2006ರಲ್ಲಿ ಆಸ್ಟ್ರೇಲಿಯಾದ ಸ್ಯಾಮ್ ಬರ್ಕೋವಿಕ್ ಮತ್ತು ಜೊತೆಗಾರರು ಹೀಗೆ ಲಸಿಕೆಯ ಮೇಲೆ ಆರೋಪ ಇದ್ದ 14 ಜನರ ಜೀನು ನೋಡಿದ್ರು. 11 ಜನರಲ್ಲಿ ಎಸ್‌ಸಿಎನ್1ಎ ಕೆಟ್ಟಿತ್ತು. ಲಸಿಕೆ ಹಾಕಿಸದಿದ್ರೂ ಆ ಗೇಟು ಸರಿ ಇರ್ತಿರಲಿಲ್ಲ.

ಮತ್ತೆ ನಮ್ಮ ಬಚ್ಚಲಿಗೆ ಬರೋಣ.

ಬಿಸಿನೀರು ಮೈಗೆ ತಾಗಿದ್ದು ನಮಗೆ ಗೊತ್ತಾಗೋದೂ ಒಂದು ಅಯಾನ್ ಚಾನೆಲ್‌ನಿಂದಲೇ. ಟಿಆರ್‌ಪಿವಿ1 ಅಂತ ಹೆಸರು. ಸುಮಾರು 43 ಡಿಗ್ರಿ ದಾಟಿದ್ರೆ ತೆರೆಯುತ್ತೆ. ಮೆಣಸಿನಕಾಯಿಯ ಖಾರವೂ ಇದೇ ಗೇಟನ್ನ ತೆರೆಯೋದು, ಅದಕ್ಕೇ ಖಾರ ತಿಂದ್ರೆ ಬಾಯಿ "ಉರಿಯುತ್ತೆ". ಇದನ್ನ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ನೆತ್ತಿಯ ಚರ್ಮದಿಂದ ಹೊರಟ ಬಿಸಿಯ ಸುದ್ದಿ ಮೆದುಳಿನ ಒಳಗೆ ಮೈಬಿಸಿ ನೋಡಿಕೊಳ್ಳೋ ಜಾಗಕ್ಕೆ ಹೋಗುತ್ತೆ. ಬಿಸಿನೀರಿನ ಫಿಟ್ಸ್ ಇರೋರಲ್ಲಿ ಈ ಬಿಸಿ ಸಂಭಾಳಿಸೋ ವ್ಯವಸ್ಥೆಯೇ ಏರುಪೇರಾಗಿರುತ್ತೆ ಅನ್ನೋದು ನಿಮ್ಹಾನ್ಸ್ ತಂಡದ ವಾದ. 1990ರ ದಶಕದಲ್ಲಿ ಅಲ್ಲಿ ಇಲಿಗಳಿಗೆ ಮತ್ತೆ ಮತ್ತೆ ಬಿಸಿನೀರು ಹಾಯಿಸಿ ಇದನ್ನ ಪರೀಕ್ಷೆ ಮಾಡಿದ್ರು.

ಹಾಗಾದ್ರೆ ಇಲ್ಲಿ ಕೆಟ್ಟಿರೋ ಗೇಟು ಯಾವುದು? ಇದಕ್ಕೆ ಉತ್ತರ ಹುಡುಕ್ತಿರೋರು ನಮ್ಮೂರಲ್ಲೇ, ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿದ್ದಾರೆ. ಅನುರಂಜನ್ ಆನಂದ್ ಅವರ ತಂಡ, ನಿಮ್ಹಾನ್ಸ್ ವೈದ್ಯರ ಜೊತೆ. ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಮನೆಗಳ ರಕ್ತದ ಮಾದರಿ ನೋಡಿ, 2009ರಲ್ಲಿ 10ನೇ ಮತ್ತು 4ನೇ ಕ್ರೋಮೋಸೋಮ್‌ನಲ್ಲಿ ಎರಡು ಜಾಗ ಗುರುತಿಸಿದ್ರು. ಆಮೇಲೆ 2017ರ ಹೊತ್ತಿಗೆ ಎಸ್‌ಎಲ್‌ಸಿ1ಎ1 ಅನ್ನೋ ಜೀನಿನಲ್ಲಿ ಅಪರೂಪದ ಬದಲಾವಣೆಗಳನ್ನ ಕೆಲವು ರೋಗಿಗಳಲ್ಲಿ ಕಂಡ್ರು. ತಮಾಷೆ ಅಂದ್ರೆ ಇದು ಹೇಳಿಕೇಳಿ ಚಾನೆಲ್ ಅಲ್ಲ. ಗ್ಲುಟಮೇಟ್ ಅನ್ನೋ ಉದ್ರೇಕಿಸೋ ರಾಸಾಯನಿಕ ಚೆಲ್ಲಿದ ಮೇಲೆ ಅದನ್ನ ಬಾಚಿ ಒಳಗೆ ತಗೊಳ್ಳೋ ಸಾಗಣೆದಾರ. ಬಾಚೋ ಕೆಲಸ ಸರಿಯಾಗದಿದ್ರೆ ಗ್ಲುಟಮೇಟ್ ಉಳಿದು ಬೇರೆ ಚಾನೆಲ್‌ಗಳನ್ನ ತೆರೆಯುತ್ತಲೇ ಇರುತ್ತೆ. ಹಾಗಾಗಿ ಬಿಸಿನೀರಿನ ಫಿಟ್ಸ್‌ಗೆ "ಇದು ಇಂಥ ಚಾನೆಲ್‌ನ ಕಾಯಿಲೆ" ಅಂತ ಮುದ್ರೆ ಒತ್ತೋ ಹಾಗಿಲ್ಲ. ಎಲ್ಲ ರೋಗಿಗಳಿಗೂ ಒಂದೇ ಜೀನು ಕಾರಣವೂ ಅಲ್ಲ. ಹೆಚ್ಚಿನವರ ಮನೇಲಿ ಬೇರೆ ಯಾರಿಗೂ ಇರೋದೂ ಇಲ್ಲ.

ಆದ್ರೆ ಚಿಕಿತ್ಸೆ ಮಾತ್ರ ಗೇಟಿನ ಮೂಲಕವೇ ಹೋಗುತ್ತೆ. ಮೊದಲನೇದು ಔಷಧಿಯೇ ಅಲ್ಲ, ನೀರು ಉಗುರು ಬೆಚ್ಚಗೆ ಮಾಡೋದು, ನೆತ್ತಿಗೆ ಸುರಿಯೋ ಬದಲು ನಿಧಾನಕ್ಕೆ ಒದ್ದೆ ಮಾಡೋದು. ಎಷ್ಟೋ ಜನರಿಗೆ ಇಷ್ಟರಲ್ಲೇ ನಿಲ್ಲುತ್ತೆ. ಸಾಲದಿದ್ರೆ ಕ್ಲೋಬಜಾಮ್ ಅನ್ನೋ ಮಾತ್ರೆಯನ್ನ ದಿನಾ ಅಲ್ಲ, ತಲೆಗೆ ಸ್ನಾನ ಇರೋ ದಿನ ಮಾತ್ರ, ಒಂದೂವರೆ ಎರಡು ಗಂಟೆ ಮುಂಚೆ ತಗೊಳ್ಳೋಕೆ ವೈದ್ಯರು ಹೇಳ್ತಾರೆ. ಈ ಕ್ಲೋಬಜಾಮ್ ಕ್ಲೋರೈಡ್ ಗೇಟು ಹೆಚ್ಚು ಸಲ ತೆರೆಯೋ ಹಾಗೆ ಮಾಡುತ್ತೆ. ಮೈನಸ್ ಚಾರ್ಜ್‌ನ ಕ್ಲೋರೈಡ್ ಒಳಗೆ ಬಂದ್ರೆ ಕೋಶ ತಣ್ಣಗಾಗುತ್ತೆ. ಗಾರ್ಡ್ ಕೈಗೆ ಮೈಕ್ ಕೊಟ್ಟ ಹಾಗೆ. ಸ್ನಾನ ಇಲ್ಲದಾಗಲೂ ಫಿಟ್ಸ್ ಬರೋರಿಗೆ ದಿನಾ ಮಾತ್ರೆ ಬೇಕಾಗುತ್ತೆ. ಯಾವುದು, ಎಷ್ಟು ಅನ್ನೋದು ಡಾಕ್ಟರ್ ಹೇಳಬೇಕು, ನಾನಲ್ಲ.

ಬಚ್ಚಲಲ್ಲಿ ಬಿದ್ದವರಿಗೆಲ್ಲ ಇದೇ ಕಾಯಿಲೆ ಅಂದುಕೊಳ್ಳಬೇಡಿ. ಗಾಳಿ ಆಡದ ಬಾತ್‌ರೂಮ್‌ನಲ್ಲಿ ಗ್ಯಾಸ್ ಗೀಸರ್ ಇದ್ರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಜ್ಞೆ ತಪ್ಪಬಹುದು, ಫಿಟ್ಸ್ ಕೂಡ ಬರಬಹುದು, ಜೀವಕ್ಕೇ ಅಪಾಯ. ಇಲ್ಲಿ ಇಂದಿರಾನಗರದ ಸುತ್ತಮುತ್ತ ಎಷ್ಟು ಪಿಜಿಗಳಲ್ಲಿ ಕಿಟಕಿಯೇ ಇಲ್ಲದ ಬಾತ್‌ರೂಮ್ ಇದೆ, ನೋಡಿರ್ತೀರಿ. ಗೀಸರ್ ಹೊರಗೆ ಇರಲಿ. ಯಾರಿಗಾದ್ರೂ ಫಿಟ್ಸ್ ಬಂದ್ರೆ ಪಕ್ಕಕ್ಕೆ ಹೊರಳಿಸಿ, ತಲೆ ಕೆಳಗೆ ಮೆತ್ತಗಿನದು ಏನಾದ್ರೂ ಇಡಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, ಗಟ್ಟಿಯಾಗಿ ಹಿಡಿಯಬೇಡಿ, ಮೊಬೈಲ್‌ನಲ್ಲಿ ಟೈಮ್ ನೋಡಿ. 5 ನಿಮಿಷ ದಾಟಿದ್ರೆ 108. ಬೀಗದ ಕೈಗೆ ಈ ಗೇಟು ತೆರೆಯೋಕೂ ಬರಲ್ಲ, ಮುಚ್ಚೋಕೂ ಬರಲ್ಲ.

ಈ ಕಾಯಿಲೆಗೆ ನಮ್ಮನೇಲಿ ಯಾಕೆ ಹೆಸರಿರಲಿಲ್ಲ ಅಂತ ಈಗ ಹೇಳ್ತೀನಿ. ಮದುವೆ. ಎಪಿಲೆಪ್ಸಿ ಇರೋರ ಮದುವೆಗೆ ಹಿಂದೂ ವಿವಾಹ ಕಾಯ್ದೆಯಲ್ಲೇ ಅಡ್ಡಿ ಇತ್ತು. ಸಂಸತ್ತು ಆ ಪದವನ್ನ ತೆಗೆದಿದ್ದು 1999ರಲ್ಲಿ. ಕಾನೂನು ಬದಲಾಗಿ ಹತ್ತು ವರ್ಷ ಕಳೆದ ಮೇಲೂ ನಮ್ಮ ದೊಡ್ಡಮ್ಮ ಸಂಬಂಧ ನೋಡೋಕೆ ಬಂದವರ ಮುಂದೆ ಮಾತ್ರೆ ಡಬ್ಬಿ ಬಚ್ಚಿಡ್ತಿದ್ರು. ಮುಚ್ಚಿಟ್ಟವರ ಮೇಲೆ ನನಗೆ ಕೋಪ ಇದೆ, ಆದ್ರೆ ಹೇಳಿಬಿಟ್ಟಿದ್ರೆ ಸಂಬಂಧ ಕೂಡಿಬರ್ತಿತ್ತಾ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಗ್ರಾಮಾಂತರದ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಸಮೀಕ್ಷೆ ಮಾಡಿದಾಗ ಎಲ್ಲ ಬಗೆಯ ಎಪಿಲೆಪ್ಸಿ ಸೇರಿ ನಗರದಲ್ಲಿ ಸಾವಿರಕ್ಕೆ 6ರ ಹತ್ತಿರ, ಹಳ್ಳಿಗಳಲ್ಲಿ 12ರ ಹತ್ತಿರ ಇತ್ತು. ಇಷ್ಟೂ ಮನೆಗಳಲ್ಲಿ ಎಷ್ಟು ಡಬ್ಬಿ ಬಚ್ಚಿಟ್ಟಿರಬಹುದು ಲೆಕ್ಕ ಹಾಕಿ.

ಅಕ್ಕ ಮದುವೆಗೆ ಮುಂಚೆ ಭಾವನಿಗೆ ತಾನೇ ಫೋನ್ ಮಾಡಿ ಹೇಳಿದ್ಲು. ಅವರು "ಸರಿ, ತಣ್ಣೀರು ಸ್ನಾನ ಮಾಡೋಣ ಬಿಡು" ಅಂದ್ರಂತೆ. ಆದ್ರೆ ಅತ್ತೆಗೆ ಗೊತ್ತಿರಲಿಲ್ಲ. ಏಳು ವರ್ಷದ ಮಗ ಬಚ್ಚಲಲ್ಲಿ ಕಣ್ಣು ಮೇಲೆ ಮಾಡಿ, ಏನೇನೋ ತೊದಲಿದಾಗ ನೀರು ಹಾಕ್ತಿದ್ದಿದ್ದು ಅತ್ತೆಯೇ. "ಇದು ಯಾರ ಕಡೆಯಿಂದ ಬಂತು" ಅನ್ನೋ ಪ್ರಶ್ನೆ ಮನೇಲಿ ಬಂದೇ ಬರುತ್ತೆ ಅಂತ ಅಕ್ಕನಿಗೆ ಭಯ. ಅದಕ್ಕೇ ನನಗೆ ಫೋನ್ ಮಾಡಿದ್ದು. ನಾನು ಓದಿದ್ದನ್ನ ಹೇಳಿದೆ: ಕೆಲವು ಕುಟುಂಬಗಳಲ್ಲಿ ಒಬ್ಬ ಹೆತ್ತವರಿಂದ ಮಗುವಿಗೆ ಬರೋ ಸಾಧ್ಯತೆ ಅರ್ಧಕ್ಕರ್ಧ, ಹಲವರಲ್ಲಿ ಕುಟುಂಬದ ನಂಟೇ ಇರಲ್ಲ, ಯಾವುದಕ್ಕೂ ಇದು ಯಾರ ತಪ್ಪೂ ಅಲ್ಲ. "ಇದನ್ನೆಲ್ಲ ನಮ್ಮತ್ತೆಗೆ ನೀನೇ ಬಂದು ಹೇಳು" ಅಂದ್ಲು.

ಹೋಗಬೇಕಾಗಿ ಬರಲಿಲ್ಲ. ಮಗನನ್ನ ನರತಜ್ಞರಿಗೆ ತೋರಿಸಿ ಬಂದಿದ್ದಾರೆ. ಸದ್ಯಕ್ಕೆ ಮಾತ್ರೆ ಬೇಡ, ನೀರು ಬೆಚ್ಚಗಿರಲಿ, ಬಾಗಿಲ ಚಿಲಕ ಹಾಕಬೇಡಿ, ಮತ್ತೆ ಬಂದ್ರೆ ನೋಡೋಣ ಅಂದಿದ್ದಾರೆ. ಈ ಸಂಚಿಕೆ ಮಾಡಲಾ ಅಂತ ಅಕ್ಕನನ್ನ ಕೇಳಿದೆ. "ನನ್ನ ಹೆಸರು ಬೇಡ, ನೀರಿನ ವಿಷಯ ಬಿಡಿಸಿ ಹೇಳು" ಅಂದ್ಲು. ಮೊನ್ನೆ ನೀರು ತುಂಬೋ ಹಬ್ಬದ ಮಾರನೇ ದಿನ ಒಂದು ವಾಯ್ಸ್ ನೋಟ್ ಕಳಿಸಿದ್ಲು. ಹಬ್ಬದ ಎಣ್ಣೆಸ್ನಾನಕ್ಕೆ ಹಂಡೆ ನೀರನ್ನ ಆರಿಸಿ, ಮೊಣಕೈ ಅದ್ದಿ ನೋಡಿ ಹಾಕಿದ್ದಾಳೆ. ಹುಡುಗ "ಅಮ್ಮಾ ಚಳಿ" ಅಂತ ಒಂದೇ ಸಮ ಕಿರುಚಿದ್ದಾನೆ. ಏನೂ ಆಗಲಿಲ್ಲ. ಬಚ್ಚಲ ಹೊರಗೆ ಟವೆಲ್ ಹಿಡಿದು ನಿಂತಿದ್ದ ಅತ್ತೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ್ರಂತೆ: ಕೊಳ್ಳೇಗಾಲದಲ್ಲಿ ಅವರ ತಮ್ಮನೂ ಚಿಕ್ಕವನಿದ್ದಾಗ ಎಣ್ಣೆಸ್ನಾನದ ದಿನ ಹೀಗೇ ಕಣ್ಣು ಮೇಲೆ ಮಾಡ್ತಿದ್ದ, ಗಾಳಿ ಅಂತ ಬೇವಿನ ಸೊಪ್ಪಿನಲ್ಲಿ ಹೊಡೀತಿದ್ರು, ಇವರು ಅದನ್ನ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ ಅಂತ.

ಮುಂದಿನ ವಾರ ಸಿಗೋಣ.